ಲೇಹ್ಯಕ್ಕೆ ಬಿಲ್ ಇದೆಯಾ?

ಪುಣೆಯಲ್ಲಿರುವ ನಾದಿನಿಯ ಬಾಣಂತನಕ್ಕೆಂದು ನಮ್ಮತ್ತೆ ಚಿಕ್ಕಮಗಳೂರಿನಿಂದ ಹೊರಟಾಗ ಜೊತೆಗೊಂದು ರಟ್ಟಿನ ಪೆಟ್ಟಿಗೆ ಇತ್ತು. ಒಳಗೆ ಬಾಣಂತಿ ಲೇಹ್ಯದ ಎರಡು ಡಬ್ಬಿ, ತೋಟದ ಕಾಳುಮೆಣಸು, ಏಲಕ್ಕಿ, ಒಂದು ಕೆಜಿ ಕಾಫಿಪುಡಿ. ಮಗುವಿಗೆ ಸುತ್ತಲು, ವರ್ಷಾನುಗಟ್ಟಲೆ ಒಗೆದೊಗೆದು ಬೆಣ್ಣೆಯಾಗಿದ್ದ ಎರಡು ನೂಲಿನ ಸೀರೆ. ನೈಲಾನ್ ಹಗ್ಗ ಬಿಗಿದು ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದವನು ನಾನೇ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತೂಗಿದರು, 6 ಕೆಜಿ. ಪುಣೆಯಲ್ಲಿ ಅತ್ತೆ ಇಳಿದರು, ನಾನು ಇಳಿದೆ, ಪೆಟ್ಟಿಗೆ ಇಳಿಯಲಿಲ್ಲ.

ಬೆಲ್ಟಿನ ಮೇಲೆ ಯಾರದೋ ಗುಲಾಬಿ ಸೂಟ್‌ಕೇಸೊಂದು ಹರಕೆ ಹೊತ್ತವರಂತೆ ಪ್ರದಕ್ಷಿಣೆ ಹಾಕುತ್ತಲೇ ಇತ್ತು. ಕೌಂಟರಿಗೆ ಹೋಗಿ ಕಳೆದುಹೋಗಿದೆ ಅಂದೆ. ಹಾಗನ್ನಬಾರದಂತೆ. "ಇನ್ನೂ ಬಂದಿಲ್ಲ ಸರ್, ಅಷ್ಟೇ." ಕೊಟ್ಟ ಫಾರಂ ಹೆಸರು ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್, ಅಂದರೆ ಪಿಐಆರ್. ಮನೆಗೆ ಕನ್ನ ಬಿದ್ದರೆ ಎಫ್‌ಐಆರ್, ವಿಮಾನದಲ್ಲಿ ಗಂಟು ಹೋದರೆ ಪಿಐಆರ್. ಶಾಲೆಗೆ ಚಕ್ಕರ್ ಹೊಡೆದ ಹುಡುಗನಂತೆ ನಮ್ಮ ಪೆಟ್ಟಿಗೆಯೇ ಏನೋ ಶಿಸ್ತು ತಪ್ಪಿದೆ ಅನ್ನುವ ಧಾಟಿ. ಬ್ಯಾಗುಗಳ ಚಿತ್ರಪಟ ಹಿಡಿದು, ಇದರಲ್ಲಿ ನಿಮ್ಮದು ಯಾವ ಜಾತಿ ಎಂದು ಕೇಳಿದರು. ಆಮೇಲೆ ಒಳಗಿದ್ದ ವಸ್ತುಗಳ ಬಿಲ್ ಕೇಳಿದರು.

"ಲೇಹ್ಯಕ್ಕೆ ಬಿಲ್ಲಾ?" ಅತ್ತೆ ಅಂಗೈ ಚಾಚಿದರು. ಸೌಟು ತಿರುವಿ ಎದ್ದ ಬೊಬ್ಬೆ ಇನ್ನೂ ಆರಿರಲಿಲ್ಲ. "ಇದನ್ನೇ ಜೆರಾಕ್ಸ್ ಮಾಡ್ಕೊಳ್ಳಿ."

ಬ್ಯಾಗು ಬರಬೇಕಾದ ದಿನದಿಂದ 21 ದಿನ ಕಳೆದರೆ ಮಾತ್ರ ಅದು ಕಳೆದಿದೆ ಅಂತ ನಿಯಮ. ನಾವು ಹನ್ನೊಂದನೇ ದಿನಕ್ಕೇ ಮಗುವಿಗೆ ನಾಮಕರಣ ಮಾಡಿ ಮುಗಿಸಿದ್ದೆವು. ಪೆಟ್ಟಿಗೆಗೆ ಇನ್ನೂ 'ಕಳೆದದ್ದು' ಎಂಬ ಹೆಸರೂ ಇಟ್ಟಿರಲಿಲ್ಲ. 22ನೇ ದಿನ ಮೇಲ್ ಬಂತು. ಕೆಜಿಗೆ 350 ರೂಪಾಯಿಯಂತೆ 2,100. ಚಿಕೋರಿ ಬೆರೆಸದ ಕಾಫಿಪುಡಿ ನಮ್ಮೂರಲ್ಲೇ ಆ ದರಕ್ಕೆ ಒಂದು ಕೆಜಿ ಬರುವುದಿಲ್ಲ. ಆದರೆ ಕಂಪನಿಯ ತಕ್ಕಡಿಗೆ ಏಲಕ್ಕಿಯೂ ಒಂದೇ, ಏಲಕ್ಕಿ ತುಂಬಿದ ಡಬ್ಬಿಯೂ ಒಂದೇ. ವಿಷಯ ತಿಳಿದ ಅತ್ತೆ, "ಮೊದಲೇ ಹೇಳಿದ್ರೆ ಒರಳುಕಲ್ಲು ಹಾಕ್ತಿದ್ದೆ" ಅಂದರು.

ತೂಕದ ಈ ಲೆಕ್ಕ ಹೊಸದಲ್ಲ. ವಿಮಾನ ಪ್ರಯಾಣದ ನಷ್ಟಪರಿಹಾರಕ್ಕೆಂದು ದೇಶ ದೇಶಗಳು ಮಾಡಿಕೊಂಡ 1929ರ ವಾರ್ಸಾ ಒಪ್ಪಂದದಲ್ಲೂ ಕೆಜಿ ಲೆಕ್ಕವೇ ಇತ್ತು: ಕೆಜಿಗೆ 250 ಚಿನ್ನದ ಫ್ರಾಂಕ್, ಪ್ರತಿ ಫ್ರಾಂಕಿನಲ್ಲಿ 65.5 ಮಿಲಿಗ್ರಾಂ ಬಂಗಾರ. ಗುಣಿಸಿ ನೋಡಿದೆ, ಕೆಜಿಗೆ ಎರಡು ಪವನು! ಆ ದರದಲ್ಲಿ ಅತ್ತೆಯ ಪೆಟ್ಟಿಗೆಗೆ ಹನ್ನೆರಡು ಪವನು; ಮೊಮ್ಮಗಳ ಮದುವೆವರೆಗಿನ ಒಡವೆ ಆಗಿಹೋಗುತ್ತಿತ್ತು. ಈಗ ವಿದೇಶಕ್ಕೆ ಹಾರುವವರಿಗೆ 1999ರ ಮಾಂಟ್ರಿಯಲ್ ಒಪ್ಪಂದದ ಮಿತಿ, ತಲೆಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಅನ್ನುವುದು ಐಎಂಎಫ್‌ನ ಲೆಕ್ಕಪುಸ್ತಕದಲ್ಲಷ್ಟೇ ಇರುವ ಹಣ, ಯಾರ ಜೇಬಿನಲ್ಲೂ ಕಂಡಿಲ್ಲ. ಕಾಣದ ಬ್ಯಾಗಿಗೆ ಕಾಣದ ದುಡ್ಡು, ಜೋಡಿ ಚೆನ್ನಾಗಿದೆ.

ನಮ್ಮ ಬಾಬಾ ಬುಡನ್ ಇದನ್ನೆಲ್ಲ ಮೊದಲೇ ಬಲ್ಲವರು. ಯೆಮೆನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜವನ್ನು ಮೈಮೇಲೇ ಅಡಗಿಸಿಕೊಂಡು ಚಂದ್ರದ್ರೋಣ ಪರ್ವತಕ್ಕೆ ತಂದರು ಎಂಬ ಪ್ರತೀತಿ. ಲಗೇಜಿಗೆ ಹಾಕಿದ್ದರೆ? ಏಳು ಬೀಜ ಅಂದರೆ ಅಂದಾಜು ಒಂದು ಗ್ರಾಂ. ಪರಿಹಾರ 35 ಪೈಸೆ. ಇಡೀ ಜಿಲ್ಲೆಯ ಬದುಕಿಗೆ ಸೆಟಲ್‌ಮೆಂಟ್. (ಪಕ್ಕದ ಹಾಸನದವರು ಈ ವಿಷಯದಲ್ಲಿ ಪುಣ್ಯವಂತರು. ಎಷ್ಟೋ ಸರ್ಕಾರಗಳು ಕಟ್ಟುತ್ತಲೇ ಬಂದಿರುವ ಬೂವನಹಳ್ಳಿ ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ಬ್ಯಾಗೂ ಕಳೆದಿಲ್ಲ.)

ಹಾಗಂತ ಸೊಂಟಕ್ಕೆ ಕಟ್ಟಿಕೊಂಡರೆ ಪಾರು ಅಂದುಕೊಳ್ಳಬೇಡಿ. ರೈಲಿನಲ್ಲಿ ಒಬ್ಬ ವ್ಯಾಪಾರಿ ಒಂದು ಲಕ್ಷ ರೂಪಾಯಿಯನ್ನು ಸೊಂಟದ ಬೆಲ್ಟಿನಲ್ಲೇ ಕಟ್ಟಿಕೊಂಡಿದ್ದರು, ಅದೂ ಕಳುವಾಯಿತು. ಗ್ರಾಹಕ ವೇದಿಕೆಗಳು ರೈಲ್ವೆ ಕೊಡಬೇಕು ಅಂದವು. 2023ರಲ್ಲಿ ಸುಪ್ರೀಂ ಕೋರ್ಟ್, ತನ್ನ ಸ್ವತ್ತನ್ನು ತಾನೇ ಕಾಯ್ದುಕೊಳ್ಳಲಾಗದ ಪ್ರಯಾಣಿಕನಿಗೆ ರೈಲ್ವೆ ಹೊಣೆಯಲ್ಲ ಅಂದಿತು. 1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಲಗೇಜನ್ನು ಬುಕ್ ಮಾಡಿ ರಸೀದಿ ಪಡೆದಿದ್ದರೆ ರೈಲ್ವೆ ಹೊಣೆ. ಜೊತೆಗೇ ಒಯ್ದದ್ದು ಹೋದರೆ, ಅವರ ಅಲಕ್ಷ್ಯವನ್ನು ನೀವು ಸಾಬೀತು ಮಾಡಬೇಕು. ಬುಕ್ ಮಾಡುವಾಗ ಬೆಲೆ ಘೋಷಿಸದಿದ್ದರೆ ಕೆಜಿಗೆ 100 ರೂಪಾಯಿಯ ಮಿತಿ. ಬಸ್ಸಿನವರು ಇವರೆಲ್ಲರಿಗಿಂತ ನೇರ. ಡಿಕ್ಕಿ ಅವರದು, ಬೀಗ ಅವರದು, ಕೀಲಿ ಕ್ಲೀನರ್ ಜೇಬಲ್ಲಿ. ಒಳಗೆ ಬೋರ್ಡು: 'ನಿಮ್ಮ ಸಾಮಾನುಗಳಿಗೆ ನೀವೇ ಜವಾಬ್ದಾರರು.'

ಮಗುವಿನ ವರ್ಷದ ಹುಟ್ಟುಹಬ್ಬಕ್ಕೆ ಅತ್ತೆ ವಿಮಾನ ಬೇಡವೆಂದರು. ಕಡೂರಿನಲ್ಲಿ ರೈಲು ಹತ್ತಿಸಿ, ಹೊಸ ಪೆಟ್ಟಿಗೆಯನ್ನು ಸೀಟಿನ ಕೆಳಗೆ ಸರಪಳಿ ಹಾಕಿ ಬಿಗಿಯುತ್ತ 100ನೇ ಸೆಕ್ಷನ್ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಹಂಗಾದ್ರೆ ನನ್ನನ್ನೇ ಲಗೇಜ್ ಅಂತ ಬುಕ್ ಮಾಡ್ಸಿ ಅಳಿಯಂದ್ರೇ. ರಸೀದಿ ಆದ್ರೂ ಇರುತ್ತೆ."

ಅತ್ತೆ 54 ಕೆಜಿ. ಮನಸ್ಸಿನಲ್ಲೇ ಗುಣಿಸಿದ್ದು ನಿಜ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ನಾನು ಉತ್ತರ ಬಾಯಿಬಿಡಲಿಲ್ಲ.