ಕಡೆಯ ಜೋಡಿ

ದೊಡ್ಡ ಬಾಕ್ಸಿಂಗ್ ಪಂದ್ಯವೊಂದು ಮಾತುಕತೆಯಲ್ಲೇ ಮುರಿದುಬಿದ್ದಾಗಲೆಲ್ಲ ನಮ್ಮ ಗಂಜಿನ (ಕಾಳುಕಡಿ ಮಾರುಕಟ್ಟೆಯ) ಚಹಾ ಅಂಗಡಿಯಲ್ಲಿ ಒಂದೇ ತೀರ್ಪು ಹೊರಬೀಳುತ್ತದೆ: ಹೆದರಿದ. ಯಾರು ಹೆದರಿದ್ದು ಎಂಬುದರಲ್ಲಿ ಮಾತ್ರ ಜಗಳ. ಕಲಬುರಗಿಯ ಗಂಜಿನಲ್ಲಿ ಬಾಕ್ಸಿಂಗ್ ನೋಡುವವರು ನನಗೆ ಗೊತ್ತಿದ್ದಂತೆ ನಾಲ್ಕೇ ಜನ, ಆದರೂ ಎರಡು ಪಕ್ಷ.

ನಾನು ಇಪ್ಪತ್ತೆರಡು ವರ್ಷದಿಂದ ಅಡತಿ ಅಂಗಡಿಯಲ್ಲಿ ತೊಗರಿಯ ಲೆಕ್ಕ ಬರೆಯುತ್ತಿರುವವನು. ಸುಗ್ಗಿಯಲ್ಲಿ ವ್ಯಾಪಾರ ಮುರಿಯುವುದನ್ನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಮುಖಕ್ಕೆ ಗುದ್ದಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡವನು ಇನ್ನೊಂದು ಗುದ್ದಿಗೆ ಹೆದರಿ ಮನೆಯಲ್ಲಿ ಕೂರುತ್ತಾನೆ ಎಂದರೆ ನಾನು ನಂಬುವುದಿಲ್ಲ. ಅವನಿಗೆ ಭಯವಿರುವುದು ಸೋತ ಮರುದಿನ ತನಗೆ ಬರುವ ಬೆಲೆಯದು.

2023ರ ಮಾರ್ಚ್ ತಿಂಗಳನ್ನೇ ನೋಡಿ. ಬಾಕ್ಸಿಂಗ್‌ನಲ್ಲಿ ನಾಲ್ಕು ಸಂಸ್ಥೆಗಳು ತಮ್ಮ ತಮ್ಮ ಚಾಂಪಿಯನ್ನನಿಗೆ ಬೆಲ್ಟ್ ಕೊಡುತ್ತವೆ. ಹೆವಿವೇಟ್ ವಿಭಾಗದ ಆ ನಾಲ್ಕು ಬೆಲ್ಟ್‌ಗಳಲ್ಲಿ ಡಬ್ಲ್ಯುಬಿಸಿ ಎಂಬ ಸಂಸ್ಥೆಯದು ಬ್ರಿಟನ್ನಿನ ಟೈಸನ್ ಫ್ಯೂರಿಯ ಬಳಿ, ಉಳಿದ ಮೂರು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಬಳಿ. ಏಪ್ರಿಲ್ 29ಕ್ಕೆ ಲಂಡನ್ನಿನ ವೆಂಬ್ಲಿಯಲ್ಲಿ ಪಂದ್ಯ ನಡೆಸುವ ಮಾತು. ಫ್ಯೂರಿ ವಿಡಿಯೊದಲ್ಲಿ ಕಾಣಿಸಿಕೊಂಡು, ನನಗೆ ಶೇ 70, ನಿನಗೆ ಶೇ 30, ತಡಮಾಡಿದ ಪ್ರತಿ ದಿನಕ್ಕೆ ಒಂದೊಂದು ಶೇಕಡಾ ಕಡಿತ ಎಂದ. ಮೂರು ಬೆಲ್ಟ್ ಇಟ್ಟುಕೊಂಡವನಿಗೆ ಇದು ಅವಮಾನದ ಲೆಕ್ಕ. ಉಸಿಕ್ ಒಪ್ಪಿಬಿಟ್ಟ! ಪಂದ್ಯದ ನಂತರ 10 ಲಕ್ಷ ಪೌಂಡ್ ಉಕ್ರೇನಿನ ಜನರಿಗೆ ಕೊಡು, ಸಾಕು ಎಂದ. ಚಹಾ ಅಂಗಡಿಯಲ್ಲಿ ನಾವು ಪಂದ್ಯ ಗೊತ್ತಾಯಿತೆಂದು ಕುಣಿದೆವು. ಎರಡು ವಾರ ತುಂಬುವುದರೊಳಗೆ ಎಲ್ಲವೂ ಮಣ್ಣುಪಾಲಾಯಿತು. ಕೊನೆಯ ಜಗ್ಗಾಟ ನಡೆದದ್ದು ಮರುಪಂದ್ಯದ ಷರತ್ತಿನ ಮೇಲೆ, ಅಂದರೆ ಸೋತವನಿಗೆ ಅದೇ ಎದುರಾಳಿಯೊಂದಿಗೆ ಇನ್ನೊಂದು ಪಂದ್ಯ ಸಿಗಬೇಕು ಎಂಬ ಕರಾರಿನ ಮೇಲೆ.

ಈ ಷರತ್ತೇ ಇಡೀ ವ್ಯವಹಾರದ ಗಂಟು. 2019ರ ಜೂನ್ ಒಂದರಂದು ನ್ಯೂಯಾರ್ಕ್‌ನಲ್ಲಿ ಆಂಥೊನಿ ಜೋಶುವಾ, ಕೊನೆ ಗಳಿಗೆಯಲ್ಲಿ ಬದಲಿಯಾಗಿ ಬಂದ ಆಂಡಿ ರೂಯಿಜ್ ಎಂಬ ಗುಂಡು ಮೈಯವನ ಕೈಯಲ್ಲಿ ಸೋತು ಬೆಲ್ಟ್‌ಗಳನ್ನೆಲ್ಲ ಕಳೆದುಕೊಂಡ. ಆದರೆ ಕರಾರಿನಲ್ಲಿ ಮರುಪಂದ್ಯದ ಸಾಲು ಇತ್ತು. ಡಿಸೆಂಬರ್ ಏಳಕ್ಕೆ ಸೌದಿಯ ದಿರಿಯಾದಲ್ಲಿ ಅವನು ಎಲ್ಲವನ್ನೂ ಮರಳಿ ಪಡೆದ. ಆ ಸಾಲು ಇಲ್ಲದಿದ್ದರೆ ಬೆಲ್ಟ್ ಹಿಡಿದ ರೂಯಿಜ್‌ನ ಹಿಂದೆ ವರ್ಷಗಟ್ಟಲೆ ಅಲೆಯಬೇಕಾಗಿತ್ತೇನೋ. ಇದನ್ನು ಕಂಡ ಯಾವ ವಕೀಲ ತಾನೆ ಆ ಸಾಲನ್ನು ಬಿಟ್ಟುಕೊಟ್ಟಾನು?

ಚಾಂಪಿಯನ್ನನ ಎದುರು ಸರದಿಯಲ್ಲಿ ನಿಂತ ಸವಾಲುಗಾರನಿದ್ದರೆ ತಂಟೆ ಕಡಿಮೆ. ಮಾತುಕತೆ ಕುದುರದಿದ್ದರೆ ಸಂಸ್ಥೆಯೇ ನಮ್ಮ ಎಪಿಎಂಸಿಯ ಹಾಗೆ ಟೆಂಡರ್ ಕರೆಯುತ್ತದೆ. 2022ರಲ್ಲಿ ಫ್ಯೂರಿ ಮತ್ತು ಡಿಲಿಯನ್ ವೈಟ್ ಪಂದ್ಯ ಹೀಗೆಯೇ 4 ಕೋಟಿ 10 ಲಕ್ಷ ಡಾಲರ್‌ಗೂ ಮೇಲೆ ಹೋಯಿತು; 80:20 ಪಾಲು ಎಂದು ಡಬ್ಲ್ಯುಬಿಸಿಯೇ ಗೆರೆ ಎಳೆಯಿತು. ಆದರೆ ಇಬ್ಬರೂ ಚಾಂಪಿಯನ್ನರಾದರೆ ಇಬ್ಬರಿಗೂ ಬೇರೆ ಬೇರೆ ಸಂಸ್ಥೆ, ಪಂದ್ಯ ಏರ್ಪಡಿಸುವ ಬೇರೆ ಪ್ರವರ್ತಕ, ಎಷ್ಟೋ ಸಲ ಬೇರೆ ಟಿವಿ ಕಂಪನಿ. 'ಆಡಿ' ಎಂದು ಹೇಳಬಲ್ಲ ಹಿರಿಯನೇ ಅಲ್ಲಿಲ್ಲ.

ಇಲ್ಲಿ ನಮ್ಮ ಮುತ್ಯಾನನ್ನು ಕರೆತರದೆ ಗತಿಯಿಲ್ಲ. ಜೇವರ್ಗಿ ತಾಲ್ಲೂಕಿನ ನಮ್ಮ ಊರಿನಲ್ಲಿ ತೇರು ಎಳೆದ ಮರುದಿನ ಕುಸ್ತಿ. ತೆಂಗಿನಕಾಯಿಗೆ ಆಡುವ ಹುಡುಗರಿಂದ ಶುರುವಾಗಿ ಸಂಜೆ ಬೆಳ್ಳಿ ಕಡಗದ ಕಡೆಯ ಜೋಡಿಗೆ ಮುಗಿಯುತ್ತದೆ. ನಾನು ಆರನೇ ತರಗತಿಯಲ್ಲಿದ್ದ ವರ್ಷ ಕಡೆಯ ಜೋಡಿಗೆ ನಮ್ಮ ತಾಲೀಮಿನ ಹುಡುಗನೊಬ್ಬ ಮತ್ತು ಸೊಲ್ಲಾಪುರದ ಕಡೆಯ ಪೈಲ್ವಾನನೊಬ್ಬ ಗೊತ್ತಾಗಿದ್ದರು. ಸೊಲ್ಲಾಪುರದವನ ಉಸ್ತಾದ ಕಟ್ಟೆಯ ಮೇಲೆ ಕೂತು, ನನ್ನ ಹುಡುಗ ಸೋತರೆ ಮುಂದಿನ ವರ್ಷವೂ ಕಡೆಯ ಜೋಡಿ ಇವರಿಬ್ಬರದೇ ಆಗಬೇಕು, ಈಗಲೇ ಮಾತು ಕೊಡಿ ಎಂದು ಪಟ್ಟು ಹಿಡಿದ. ಜಾತ್ರಾ ಕಮಿಟಿಯ ಪರವಾಗಿ ಕೂತಿದ್ದ ಮುತ್ಯಾ ಎಲೆ ಅಡಿಕೆ ಮುಗಿಸುವವರೆಗೆ ಸುಮ್ಮನಿದ್ದು ಹೇಳಿದ: 'ಉಸ್ತಾದರೇ, ಕಡಗ ಊರಿನದು. ಮುಂದಿನ ವರ್ಷದ ಪಟ್ಟಿ ಇನ್ನೂ ಎತ್ತಿಲ್ಲ. ಎತ್ತದ ದುಡ್ಡಿಗೆ ನಾನು ಹೇಗೆ ಮಾತು ಕೊಡಲಿ?' ಉಸ್ತಾದ ನಕ್ಕುಬಿಟ್ಟ. ಹುಡುಗ ಮಣ್ಣಿಗಿಳಿದ.

ಕಡಗದ ದುಡ್ಡು ಇಬ್ಬರದೂ ಅಲ್ಲ, ಊರಿನದು. ಪಾಲಿನ ಪ್ರಶ್ನೆಯೇ ಬರಲಿಲ್ಲ. ಬಾಕ್ಸಿಂಗ್‌ನಲ್ಲಿಯೂ ದೊಡ್ಡ ಜೋಡಿಗಳು ಹೆಚ್ಚಾಗಿ ಕೂಡಿದ್ದು ಹೀಗೆ ಹೊರಗಿನವರ ದುಡ್ಡಿನಿಂದಲೇ ಎಂಬುದು ನನ್ನ ವಾದ. 1971ರಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಇಬ್ಬರೂ ಸೋಲು ಕಾಣದವರು, ಇಬ್ಬರೂ ತಾವೇ ನಿಜವಾದ ಚಾಂಪಿಯನ್ ಎನ್ನುವವರು. ಜೆರಿ ಪೆರೆಂಚಿಯೊ ಎಂಬ ಹಾಲಿವುಡ್ ಏಜೆಂಟ್, ಜಾಕ್ ಕೆಂಟ್ ಕುಕ್ ಎಂಬ ಸಿರಿವಂತನ ಬೆಂಬಲದಿಂದ ಇಬ್ಬರ ಮುಂದೆಯೂ 25 ಲಕ್ಷ ಡಾಲರ್ ಇಟ್ಟ. ಸಮಸಮ. ಪಂದ್ಯ ನಡೆಯಿತು. 1974ರಲ್ಲಿ ಅಲಿ ಮತ್ತು ಜಾರ್ಜ್ ಫೋರ್‌ಮನ್‌ಗೆ ತಲಾ 50 ಲಕ್ಷ. ಪ್ರವರ್ತಕ ಡಾನ್ ಕಿಂಗ್ ಸಹಿ ಹಾಕಿಸಿಕೊಂಡು ಬಂದ, ದುಡ್ಡು ಹುಡುಕಲು ಹೋಗಿ ಜಯೀರ್‌ನ (ಈಗಿನ ಕಾಂಗೊ) ಸರ್ವಾಧಿಕಾರಿ ಮೊಬುಟುವಿನ ಬಾಗಿಲು ಸೇರಿದ. ಫ್ಯೂರಿ ಮತ್ತು ಉಸಿಕ್ ಕೂಡ ಕೂಡಿದ್ದು ಸೌದಿ ಸರ್ಕಾರದ ಹಣ ಬಂದ ಮೇಲೆಯೇ. ಮರುಪಂದ್ಯದ ಷರತ್ತು ಅಲ್ಲಿಯೂ ಇತ್ತು, ಆದರೆ ಎರಡು ವರ್ಷದ ಪಟ್ಟಿಯನ್ನೂ ಒಟ್ಟಿಗೆ ಎತ್ತಿದ ಕಮಿಟಿ ಅದು, ಎರಡೂ ಪಂದ್ಯದ ದುಡ್ಡು ಮೊದಲೇ ಇತ್ತು. ಜಗ್ಗಾಡಲು ಏನೂ ಉಳಿದಿರಲಿಲ್ಲ.

2024ರ ಮೇ 19ರ ನಸುಕಿನಲ್ಲಿ, ಕರೆಂಟ್ ಹೋಗಿ ಮಾಳಿಗೆಯ ಮೇಲೆ ಮಲಗಿದ್ದ ನಾನು ಮೊಬೈಲಿನಲ್ಲಿ ಆ ಪಂದ್ಯ ನೋಡಿದೆ. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದಾಗ ನಾನು ಕೂಗಿದ ಕೂಗಿಗೆ ಪಕ್ಕದ ಮಾಳಿಗೆಯ ಅಕ್ಕ ಕಳ್ಳ ಬಂದನೆಂದು ಎದ್ದಿದ್ದರು. ಇಬ್ಬರು ತೀರ್ಪುಗಾರರು ಉಸಿಕ್ ಕಡೆ, ಒಬ್ಬರು ಫ್ಯೂರಿ ಕಡೆ. 1999ರ ಲೆನಾಕ್ಸ್ ಲೂಯಿಸ್‌ನ ನಂತರ ಹೆವಿವೇಟ್‌ಗೆ ಒಬ್ಬನೇ ಚಾಂಪಿಯನ್. ಇಪ್ಪತ್ತನಾಲ್ಕು ವರ್ಷ!

ಹೊರಗಿನ ದುಡ್ಡು ಎಲ್ಲವನ್ನೂ ಬಿಡಿಸುತ್ತದೆ ಎಂದಲ್ಲ. 2021ರಲ್ಲಿ ಫ್ಯೂರಿ ಮತ್ತು ಜೋಶುವಾ ಪಂದ್ಯಕ್ಕೆ ಸೌದಿಯ ಹಣವೂ ಇತ್ತು, ಆಗಸ್ಟ್ 14 ಎಂದು ದಿನವೂ ಹೊರಬಿದ್ದಿತ್ತು. ಆದರೆ ಡಿಯೊಂಟೆ ವೈಲ್ಡರ್‌ಗೆ ಮೂರನೇ ಪಂದ್ಯದ ಹಳೆಯ ಬಾಕಿ ಇದೆ, ಮೊದಲು ಅದನ್ನು ತೀರಿಸು ಎಂದು ಫ್ಯೂರಿಗೆ ಮಧ್ಯಸ್ಥಗಾರ ಹೇಳಿದ. ಮುಗಿಯಿತು. ಹಳೆಯ ಖಾತೆ ಚುಕ್ತಾ ಮಾಡದೆ ಹೊಸ ಅಡತಿಗೆ ಮಾಲು ಹಾಕಲು ಹೊರಟ ರೈತನ ಕಥೆ ಅದು. ಇನ್ನು ಬೆಲ್ಟ್‌ಗಳನ್ನೆಲ್ಲ ಬಾಚಿದ ಉಸಿಕ್ ಒಂದು ತಿಂಗಳ ಆಸುಪಾಸಿನಲ್ಲಿ ಐಬಿಎಫ್ ಬೆಲ್ಟ್ ಬಿಡಬೇಕಾಯಿತು, ಆ ಸಂಸ್ಥೆಯ ಸರದಿಯವನು ಕಾಯುತ್ತಿದ್ದ ಎಂದು. ಸೌದಿಯ ದುಡ್ಡಿನ ಬಗ್ಗೆ ನನಗೂ ಕಸಿವಿಸಿ ಇದೆ. ಅರಮನೆ ನಡೆಸುವ ಜಾತ್ರೆ ಅರಮನೆಗೆ ಬೇಸರ ಬಂದ ದಿನ ನಿಲ್ಲುತ್ತದೆ.

ಆದರೆ ಕಾಯುವುದರಲ್ಲಿ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಬೆಲೆ ಏರಲಿ ಎಂದು ತೊಗರಿಯನ್ನು ಗೋದಾಮಿನಲ್ಲಿ ಇಟ್ಟವರನ್ನು ನಾನು ಕಂಡಿದ್ದೇನೆ. ಅಷ್ಟರಲ್ಲಿ ಮೊಜಾಂಬಿಕ್, ಮ್ಯಾನ್ಮಾರ್ ಕಡೆಯ ತೊಗರಿ ಬಂದರಿಗೆ ಇಳಿಯುತ್ತದೆ. 2018ರಲ್ಲಿ ವೈಲ್ಡರ್ ಕಡೆಯವರು ಜೋಶುವಾಗೆ 5 ಕೋಟಿ ಡಾಲರ್ ಕೊಡುತ್ತೇವೆ ಎಂದಿದ್ದರು. ಆಗ ಇಬ್ಬರೂ ಸೋಲರಿಯದವರು. ಪತ್ರ ಬಂತು, ಪತ್ರ ಹೋಯಿತು, ಸಹಿ ಬೀಳಲಿಲ್ಲ. ಮರುವರ್ಷ ಜೋಶುವಾ ಸೋತ, 2020ರ ಫೆಬ್ರುವರಿಯಲ್ಲಿ ವೈಲ್ಡರ್. ಆ ಪಂದ್ಯಕ್ಕೆ ಆಮೇಲೆ ಆ ಬೆಲೆ ಎಲ್ಲಿ? ಲೂಯಿಸ್ ಮತ್ತು ಮೈಕ್ ಟೈಸನ್ 2002ರಲ್ಲಿ ಮೆಂಫಿಸ್‌ನಲ್ಲಿ ಎದುರಾಗುವಾಗ ಇಬ್ಬರಿಗೂ ಮೂವತ್ತಾರರ ಆಸುಪಾಸು. ಕಟ್ಟಾ ಎದುರಾಳಿಗಳಾದ ಎರಡು ಟಿವಿ ಕಂಪನಿಗಳು ಕೈಕುಲುಕುವುದಕ್ಕೆ ಅಷ್ಟು ಕಾಲ ಬೇಕಾಯಿತು. ಲೂಯಿಸ್ ಮತ್ತು ರಿಡಿಕ್ ಬೋ ಜೋಡಿ ಅದಕ್ಕಿಂತ ಕೆಟ್ಟದ್ದು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೂಯಿಸ್ ಗೆದ್ದಿದ್ದ. 1992ರಲ್ಲಿ ಬೋ, ಲೂಯಿಸ್ ಎದುರು ಆಡುವ ಬದಲು, ತನ್ನ ಡಬ್ಲ್ಯುಬಿಸಿ ಬೆಲ್ಟನ್ನು ಲಂಡನ್ನಿನಲ್ಲಿ ಎಲ್ಲರ ಎದುರು ಕಸದ ಬುಟ್ಟಿಗೆ ಎಸೆದ. ವೃತ್ತಿಪರರಾಗಿ ಅವರಿಬ್ಬರು ಒಮ್ಮೆಯೂ ಕೈ ಮಾಡಲಿಲ್ಲ.

ಅಂದ ಹಾಗೆ, ನಮ್ಮ ಊರಿನ ಆ ಕುಸ್ತಿ ಕತ್ತಲಾಗುವವರೆಗೆ ನಡೆದು ಸಮವಾಯಿತು. ಕಡಗವನ್ನು ತುಂಡು ಮಾಡಲಾದೀತೇ? ಮುಂದಿನ ವರ್ಷಕ್ಕೆಂದು ಗೌಡರ ಮನೆಯ ತಿಜೋರಿಯಲ್ಲಿಟ್ಟರು. ಮರುವರ್ಷ ಸೊಲ್ಲಾಪುರದವನು ಯಾವ ಷರತ್ತೂ ಇಲ್ಲದೆ, ತಾನಾಗಿಯೇ ಬಂದ. ನಮ್ಮ ಹುಡುಗ ಅಷ್ಟರಲ್ಲಿ ಸೈನ್ಯ ಸೇರಿ ಎಲ್ಲಿಯೋ ಇದ್ದ. ಅಫಜಲಪುರ ಕಡೆಯ, ಯಾರೂ ಹೆಸರು ಕೇಳದ ಹುಡುಗನೊಬ್ಬನನ್ನು ಅವನಿಗೆ ಜೋಡಿ ಹಚ್ಚಿದರು. ಕಡಗ ಆ ಹುಡುಗನ ಕೈ ಸೇರಿತು.