ಯಜೀದಿ ಪರಂಪರೆಯನ್ನು ಕಾಯುವ ಹೊಣೆ ಸೆರೆಯಿಂದ ಮರಳಿದ ಹೆಣ್ಣುಮಕ್ಕಳದೇ?

ಪರ

ಉತ್ತರ ಇರಾಕಿನ ಅಲ್ಪಸಂಖ್ಯಾತ ಸಮುದಾಯವಾದ ಯಜೀದಿಗಳ ಧರ್ಮ ಬಹುಪಾಲು ಬಾಯಿಂದ ಬಾಯಿಗೆ ಬಂದದ್ದು. ಕೌಲ್ ಎಂಬ ಸ್ತೋತ್ರಗಳನ್ನು ಕಂಠಪಾಠ ಮಾಡಿಕೊಂಡು, ದಫ್ಫು ಎಂಬ ಚರ್ಮವಾದ್ಯ ಬಾರಿಸುತ್ತಾ ಊರೂರಿಗೆ ಹೋಗಿ ಹಾಡುವ ಹಕ್ಕು ಬಷೀಕಾ, ಬಹಜಾನಿ ಊರುಗಳ ಕವ್ವಾಲ್ ಮನೆತನದ ಗಂಡಸರಿಗೆ ಮೀಸಲಾಗಿತ್ತು. 2014ರ ಆಗಸ್ಟ್ 3ರಂದು ಐಸಿಸ್ ಉಗ್ರರು ಇರಾಕಿನ ಸಿಂಜಾರ್ ಮೇಲೆ ಎರಗಿ, ಗಂಡಸರನ್ನು ಕೊಂದು, ಆರು ಸಾವಿರಕ್ಕೂ ಹೆಚ್ಚು ಹೆಂಗಸರು ಮಕ್ಕಳನ್ನು ಸೆರೆಹಿಡಿದು ಒಯ್ದ ಮೇಲೆ, ಆ ಹಾಡು ಕೇಳುತ್ತಿದ್ದ ಊರುಗಳೇ ಚದುರಿಹೋದವು. ಉತ್ತರ ಇರಾಕಿನ ಖಾಂಕೆಯ ನಿರಾಶ್ರಿತರ ಶಿಬಿರದಲ್ಲಿ ಅದೇ ದಫ್ಫನ್ನು ಕೈಗೆತ್ತಿಕೊಂಡವರು ಸೆರೆಯಿಂದ ಪಾರಾಗಿ ಬಂದ ಯುವತಿಯರು. ಅವರ ಮೇಳ 2020ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ಹಾಡಿತು; ಧ್ವನಿಮುದ್ರಣಗಳು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯವನ್ನು ಸೇರಿದವು.

ಇದರಿಂದ ಸಂಪ್ರದಾಯ ಕೆಟ್ಟಿತೆನ್ನುವವರು, ಅದು 2014ರಲ್ಲೇ ಒಮ್ಮೆ ಬಾಗಿದ್ದನ್ನು ನೆನೆಯಬೇಕು. ಅನ್ಯಮತೀಯರ ಸಂಪರ್ಕವಾದವಳು, ಅದು ಬಲಾತ್ಕಾರದಿಂದಲೇ ಆಗಿದ್ದರೂ, ಕುಲದಿಂದ ಹೊರಗೆ ಎಂಬ ಕಟ್ಟಳೆಯನ್ನು ಅಂದಿನ ಬಾಬಾ ಶೇಖ್, ಅಂದರೆ ಯಜೀದಿಗಳ ಪರಮ ಧರ್ಮಗುರು, ಸಡಿಲಿಸಿ, ಮರಳಿದವರು ನಮ್ಮವರೇ ಎಂದು ಸಾರಿದರು. ಯಜೀದಿಗಳ ಪುಣ್ಯಕ್ಷೇತ್ರ ಲಾಲಿಶ್‌ನಲ್ಲಿ ಬರಿಗಾಲಲ್ಲಿ, ಹೊಸ್ತಿಲು ತುಳಿಯದೆ ದಾಟಿ ಬಂದ ಆ ಹೆಣ್ಣುಮಕ್ಕಳ ನೆತ್ತಿಗೆ ಬಿಳಿ ಬುಗ್ಗೆಯ ನೀರು ಬಿತ್ತು. ಮಕ್ಕಳಿಗೆ ದೀಕ್ಷೆ ಕೊಡುವ ನೀರೇ ಅದು. ಹಳೆಯ ಆಚರಣೆಗೆ ಹೊಸ ಅರ್ಥ ಬಂದದ್ದು ಇವರಿಂದ. ಅದನ್ನು ಮುಂದಕ್ಕೆ ಒಯ್ಯಲು ಇವರಿಗಿಂತ ಅರ್ಹರು ಯಾರು?

ವಿರೋಧ

ಮೇಲಿನ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಹಾಡುವ ಆಸೆ ಬೇರೆ, ಹಾಡಲೇಬೇಕೆಂಬ ಹೊಣೆ ಬೇರೆ. 2019ರ ಏಪ್ರಿಲ್‌ನಲ್ಲಿ ಯಜೀದಿ ಧರ್ಮಮಂಡಳಿ ಸೆರೆಯಿಂದ ಬಂದ ಎಲ್ಲರನ್ನೂ ಸ್ವೀಕರಿಸುವುದಾಗಿ ಹೇಳಿ, ಕೆಲವೇ ದಿನಗಳಲ್ಲಿ, ಅತ್ಯಾಚಾರದಿಂದ ಹುಟ್ಟಿದ ಮಕ್ಕಳು ಆ ಮಾತಿಗೆ ಸೇರಿಲ್ಲವೆಂದು ಸ್ಪಷ್ಟೀಕರಣ ಕೊಟ್ಟಿತು. ತಂದೆ ತಾಯಿ ಇಬ್ಬರೂ ಯಜೀದಿಗಳಾಗಿದ್ದರಷ್ಟೇ ಮಗು ಯಜೀದಿ. ಇರಾಕಿನ ಕಾನೂನಿನ ಪ್ರಕಾರವೂ ಮುಸ್ಲಿಂ ತಂದೆಯ ಮಗು ಮುಸ್ಲಿಮನೇ. ಹೀಗಾಗಿ ಕೆಲವು ತಾಯಂದಿರು ಕೂಸನ್ನು ಸಿರಿಯಾದ ಅನಾಥಾಲಯದಲ್ಲಿ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದರು, ಕೆಲವರು ಕೂಸಿಗಾಗಿ ಮನೆಯನ್ನೇ ಬಿಟ್ಟರು. ಅಂಥವಳ ಕೈಗೆ ದಫ್ಫು ಕೊಟ್ಟು, ನಮ್ಮ ಪರಂಪರೆ ನಿನ್ನಿಂದಲೇ ಉಳಿಯಬೇಕು ಎನ್ನುವುದು, ನನ್ನ ಮಟ್ಟಿಗೆ, ಗೌರವದ ಹೆಸರಿನಲ್ಲಿ ಹೊರಿಸುವ ಹೊರೆ. ಕಟ್ಟಳೆ ತೀರ್ಮಾನಿಸುವ ಮೀರ್ (ಸಮುದಾಯದ ಅರಸು), ಬಾಬಾ ಶೇಖ್ ಪದವಿಗಳಂತೂ ಇಂದಿಗೂ ಗಂಡಸರವೇ.

ಸೆರೆಯಿಂದ ಪಾರಾಗಿ ಬಂದ ಕೋಚೋ ಗ್ರಾಮದ ನಾದಿಯಾ ಮುರಾದ್ ಜಗತ್ತಿನ ಮುಂದೆ ನಿಂತು ನುಡಿದರು. 2018ರಲ್ಲಿ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಬಂತು. ಎಲ್ಲರೂ ಹಾಗೆ ನಿಲ್ಲಲಾರರು, ನಿಲ್ಲಬೇಕಾಗಿಯೂ ಇಲ್ಲ. ಸೆರೆಯಾದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಇನ್ನೂ ಪತ್ತೆಯಾಗಿಲ್ಲ. 2021ರ ಮಾರ್ಚ್‌ನಲ್ಲಿ ಇರಾಕ್ ಸಂಸತ್ತು ಬದುಕುಳಿದವರಿಗಾಗಿ ಒಪ್ಪಿದ ಕಾನೂನು ಮಾಸಾಶನ, ನಿವೇಶನಗಳ ಭರವಸೆ ಕೊಟ್ಟಿತು. ಆ ಕೂಸುಗಳು ಯಾರವರು ಎಂಬ ಬಗ್ಗೆ ಮಾತ್ರ ಸೊಲ್ಲೆತ್ತಲಿಲ್ಲ.