ಬಾಯಿಲ್ಲದ ಬೋಕಿ

ಬಾಯಿದ್ದವರು ಎಲ್ಲಿ ಹೋದರೂ ಬದುಕುತ್ತಾರೆ ಅಂತಾರಲ್ಲ, ಉತ್ಖನನದ ಅಂಗಳದಲ್ಲಿ ಹರವಿದ ಮಡಕೆ ಚೂರುಗಳಿಗೂ ಅದೇ ನ್ಯಾಯ. ವಿಂಗಡಿಸಲು ಕೂತವರು ಮೊದಲು ಹುಡುಕುವುದು ಬಾಯಂಚನ್ನು. ಬೆರಳಗಲದ್ದು ಸಿಕ್ಕರೂ ಖುಷಿ. ಅದನ್ನು ಮೇಜಿನ ಮೇಲೆ ಬೋರಲು ನಿಲ್ಲಿಸಿ, ಅಡಿಯಲ್ಲಿ ಬೆಳಕು ನುಸುಳದ ಹಾಗೆ ಅತ್ತಿತ್ತ ವಾಲಿಸುತ್ತಾರೆ. ಕಂಠ ಎಷ್ಟು ಓರೆಯಿತ್ತು ಅಂತ ತಿಳಿಯುತ್ತದೆ. ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲಿಟ್ಟರೆ ಬಾಯಿಯ ಅಗಲವೂ ಸಿಗುತ್ತದೆ. ಗಡಿಗೆಯೋ ತಟ್ಟೆಯೋ, ತೀರ್ಮಾನ ಆದಂತೆಯೇ.

ಹೊಟ್ಟೆಯ ಚೂರುಗಳ ಪಾಡು ಬೇರೆ. ರಾಶಿಯಲ್ಲಿ ಜಾಸ್ತಿ ಇರುವುದೇ ಅವು. ಎಣಿಸಿ, ತೂಗಿ, ಪುಸ್ತಕದಲ್ಲಿ ಒಂದು ಸಾಲು ಬರೆದರೆ ಎಷ್ಟೋ ಕಡೆ ಅವುಗಳ ಕಥೆ ಮುಗಿಯಿತು. ನನಗೆ ಮಾತ್ರ ಅವುಗಳ ಮೇಲೇ ಪ್ರೀತಿ. ಒಳಮೈ ಸವರಿದರೆ, ತಿಗರಿ ತಿರುಗುವಾಗ ಕುಂಬಾರನ ಬೆರಳು ಬಿಟ್ಟ ಗೆರೆಗಳು ಕೈಗೆ ಸಿಗುತ್ತವೆ. ಮುರಿದ ಕಡೆ ನೋಡಿದರೆ, ಹೊರಗೂ ಒಳಗೂ ಕೆಂಪು, ನಡುವೆ ಬೂದು. ನಡುವಿನ ಮಣ್ಣು ಪೂರ್ತಿ ಸುಡಲು ಆವಿಗೆಯ ಶಾಖವೋ ಗಾಳಿಯೋ ಹೊತ್ತೋ ಸಾಲಲಿಲ್ಲ ಅಂತ ಲೆಕ್ಕ.

ಹೊಸಬರು ಎಡವುವುದು ಬಣ್ಣದಲ್ಲಿ. ಬೃಹತ್ ಶಿಲಾಯುಗದ, ಅಂದರೆ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಕಾಲದ, ಕಪ್ಪು-ಕೆಂಪು ಮಡಕೆ ಒಳಗೂ ಬಾಯಿಯ ಸುತ್ತಲೂ ಕಪ್ಪು, ಹೊರಗೆ ಕೆಳಗಡೆ ಕೆಂಪು. ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಕಡೆ ಕಪ್ಪಾಯಿತು ಅನ್ನುವುದು ಸಾಮಾನ್ಯ ವಿವರಣೆ. ಆದರೆ ಒಲೆಯ ಮೇಲೆ ಬೆಂದ ಗಡಿಗೆಯೂ ಕಪ್ಪು-ಕೆಂಪೇ ಅಲ್ವಾ? ತಿರುಗಿಸಿ ನೋಡಬೇಕು. ಮಸಿ ಹತ್ತುವುದು ಹೊರಗೆ, ತಳದ ಕಡೆ.

ಬಾಯಿಲ್ಲದ ಚೂರಿಗೂ ಒಮ್ಮೆ ಯೋಗ ಕೂಡಿಬಂತು. 1945ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಅಗೆಸಿದಾಗ, ಇಟಲಿಯಿಂದ ಬಂದ ಕೆಂಪು ಹೊಳಪಿನ ಪಾತ್ರೆಗಳ ಚೂರು ಸಿಕ್ಕವು. ಅವು ಕ್ರಿಸ್ತಶಕದ ಆರಂಭದ ಆಸುಪಾಸಿನವು ಅಂತ ಮೊದಲೇ ಗೊತ್ತಿತ್ತು. ಜೊತೆಯಲ್ಲೇ ಇನ್ನೊಂದು ಬಗೆಯ ತಟ್ಟೆಗಳು. ಅವುಗಳ ಒಳಗಡೆ, ಊಟ ಬಡಿಸುವ ಜಾಗದಲ್ಲೇ, ಸಣ್ಣ ಗೀಟುಗಳ ಸಾಲು ಸುತ್ತುಸುತ್ತಾಗಿ ಒತ್ತಿತ್ತು. 1947ರಲ್ಲಿ ವೀಲರ್ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಬಂದರೆ, ಮೇಲಿನ ಪದರದಲ್ಲಿ ಅದೇ ಗೀಟಿನ ತಟ್ಟೆ! ಆ ಗೀಟು ಗುರುತಿಸಲು ಬಾಯಂಚು ಬೇಕೇ ಇಲ್ಲ, ನಡುಭಾಗದ ಚೂರು ಸಾಕು. ಹೀಗೆ ಇಟಲಿಯ ಪಾತ್ರೆಯ ನೆಂಟಸ್ತಿಕೆಯಿಂದ ಬ್ರಹ್ಮಗಿರಿಗೆ ಜಾತಕ ಬರೆದದ್ದಾಯಿತು. ಮೇಲಿನ ಪದರದ ಕಾಲ ಹಿಡಿದು, ಅದರ ಕೆಳಗಿನ ಕಪ್ಪು-ಕೆಂಪು ಮಡಕೆಗೆ, ಅದಕ್ಕೂ ಕೆಳಗಿನ ನವಶಿಲಾಯುಗದ ಒರಟು ಮಡಕೆಗೆ ಹಿಂದಕ್ಕೆ ಲೆಕ್ಕ ಹಾಕಿದರು.

ಆಮೇಲೆ, ಇದ್ದಿಲಿನಂಥ ಅವಶೇಷದಲ್ಲಿ ಉಳಿದ ಇಂಗಾಲ ಅಳೆದು ವಯಸ್ಸು ಹೇಳುವ ರೇಡಿಯೊ ಕಾರ್ಬನ್ ವಿಧಾನ ಬಂದು ಇಲ್ಲಿನ ನವಶಿಲಾಯುಗವನ್ನು ವೀಲರ್ ಹೇಳಿದ್ದಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ತಳ್ಳಿತು. ಯಾವ ಮಡಕೆ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ ಮಾತ್ರ ಹಾಗೇ ಉಳಿಯಿತು.